ದೊರನ ಮೊಣಕಾಲು

ಫೆಬ್ರವರಿ 7, ಶುಕ್ರವಾರ. ಮಧ್ಯಾಹ್ನ, ಬಸ್ ಸ್ಟಾಂಡಿನ ಮೈಕ್ ರೂಮ್

ಎಮ್ಮಿಗನೂರು ಬಸ್ಸು ಕೂಗಿ ಆಯಿತು. ಬಳ್ಳಾರಿಯದು ಇನ್ನೂ ಬಂದಿಲ್ಲ. ಬಾಯಲ್ಲಿ ಮೆಣಸು, ಬೆಲ್ಲ. ಗಂಟಲು ಕೆರೆಯುತ್ತಿದೆ — ಬೆಳಗ್ಗೆ ಶಿಳ್ಳೆ ಹೊಡೆದ ಫಲ.

ಹೌದು, ಹೋಗಿದ್ದೆ! ದೊರನ ಹೊಸ ಸಿನಿಮಾ, ಮೊದಲ ದಿನ, ಮೊದಲ ಆಟ. ಆದೋನಿಯಲ್ಲಿ ಆ ತೆಲುಗು ಹೀರೋನ ಹೆಸರು ಹಿಡಿದು ಯಾರೂ ಕರೆಯುವುದಿಲ್ಲ, ಎಲ್ಲರ ಬಾಯಲ್ಲೂ ‘ದೊರ’. ಮೈಕಿನ ಇನ್ನೊಬ್ಬ ಹುಡುಗಿ ಲಾವಣ್ಯ ನನ್ನ ಬೆಳಗಿನ ಡ್ಯೂಟಿ ಮಾಡಿದಳು. ಮನೆಯಲ್ಲಿ ಮಾತ್ರ ಡ್ಯೂಟಿ ಅಂತಲೇ ಹೇಳಿ ಬಂದಿದ್ದೆ. ಮೊದಲ ಆಟಕ್ಕೆ ಹೆಣ್ಣುಮಕ್ಕಳು ಹೋಗಬಾರದು ಅನ್ನುವುದು ಅತ್ತೆಯ ಕಾನೂನು.

ಸಿನಿಮಾ... ಏನು ಹೇಳಲಿ. ಏಳನೇ ಕ್ಲಾಸಿನಿಂದ ದೊರ ಅಂದರೆ ಪ್ರಾಣ. ಪೆನ್ಸಿಲ್ ಬಾಕ್ಸಿನಲ್ಲಿ ಅವನ ಫೋಟೋ ಇಟ್ಟುಕೊಂಡವಳು ನಾನು. ಆದರೆ ಈ ಸಿನಿಮಾಕ್ಕೆ ಕಥೆ ಅನ್ನುವುದೇ ಇಲ್ಲ. ಹೀರೋಯಿನ್ ಎರಡು ಹಾಡಿಗೆ ಬಂದು ಹೋಗುತ್ತಾಳೆ, ನೆಂಟರ ಮನೆಗೆ ಬಂದವಳ ಹಾಗೆ. ಹಾಡಿನಲ್ಲಿ ದೊರ ಕೂತು ಏಳುವ ಸ್ಟೆಪ್ ಒಂದಿದೆ. ಕೂರುವುದನ್ನು ತೋರಿಸುತ್ತಾರೆ. ಏಳುವುದನ್ನು ಕಟ್ ಮಾಡಿದ್ದಾರೆ. ಜನ ಶಿಳ್ಳೆ ಹೊಡೆದರು, ನನಗೆ ಅಳು ಬಂತು.

ಹೊರಗೆ ಬರುತ್ತಲೇ ಯೂಟ್ಯೂಬಿನವನೊಬ್ಬ ಮೂತಿಗೆ ಮೈಕ್ ಹಿಡಿದ. ಪಬ್ಲಿಕ್ ಟಾಕ್ ಅಂತೆ. ‘ಎಲಾ ಉಂದಮ್ಮಾ ಸಿನಿಮಾ?’ ಹೇಗಿದೆ ಅಂತ. ಬಿಸಿಲಿಗೆ ಧೂಳಿಗೆ ಈ ಊರಲ್ಲಿ ಎಲ್ಲ ಹೆಂಗಸರ ಹಾಗೆ ದುಪಟ್ಟಾ ಮುಖಕ್ಕೆ ಸುತ್ತಿದ್ದೆ, ಕಣ್ಣು ಮಾತ್ರ ಹೊರಗೆ. ಯಾರಿಗೆ ಗೊತ್ತಾಗುತ್ತದೆ ಅನ್ನುವ ಧೈರ್ಯ. ತೆಲುಗಿನಲ್ಲಿ ಹೇಳಿಯೇಬಿಟ್ಟೆ. ಕಥೆ ಇದ್ದರೆ ತಾನೆ ಹೇಳುವುದಕ್ಕೆ ಅಂದೆ. ದೊರನಿಗೆ ಮೊಣಕಾಲು ನೋವಿದೆ, ಕುಣಿಸಬೇಡಿ, ಕೂರಿಸಿ ಒಂದು ಒಳ್ಳೆ ಪಾತ್ರ ಕೊಡಿ ಅಂದೆ.

ಕೊನೆಗೆ ಬಾಯಿಗೆ ಬಂದದ್ದು — ‘ದೊರ ಅಭಿಮಾನುಲು ಗಮನಿಂಚಗಲರು.’ ಅಭಿಮಾನಿಗಳು ಗಮನಿಸಬೇಕಂತೆ! ಇಲ್ಲಿ ದಿನವಿಡೀ ‘ಪ್ರಯಾಣಿಕುಲು ಗಮನಿಂಚಗಲರು’ ಅಂತ ರಾಗ ಎಳೆದೂ ಎಳೆದೂ ನಾಲಿಗೆ ಅದೇ ದಾರಿ ಹಿಡಿಯಿತು. ಯೂಟ್ಯೂಬಿನವನು ಬಿದ್ದು ಬಿದ್ದು ನಕ್ಕ. ನಾನೂ ನಕ್ಕೆ.

ಬಳ್ಳಾರಿ ಬಸ್ಸು ಬಂತು.

ಫೆಬ್ರವರಿ 8, ಶನಿವಾರ

ವಿಡಿಯೋ ಎಲ್ಲ ಕಡೆ ಹೋಗಿದೆ.

ಬೆಳಗ್ಗೆ ರೊಟ್ಟಿ ಬಡಿಯುತ್ತಿದ್ದೆ. ಮೈದುನ ಚೇತನ ಫೋನ್ ಹಿಡಿದುಕೊಂಡು ಅಡುಗೆಮನೆಗೇ ಬಂದ. ದೊರ ಅಭಿಮಾನಿ ಸಂಘಕ್ಕೆ ಈ ಊರಿನ ಸೆಕ್ರೆಟರಿ ಅವನು. ಕೂಗಾಡುತ್ತಿದ್ದ.

‘ನೋಡವ್ವಾ, ಯಾವಾಕಿನೋ ಏನೋ! ದೊರಗ ಮೊಣಕಾಲ ನೋವಂತ! ಮ್ಯಾಲ ಗಮನಿಂಚಗಲರು ಅಂತ ನಮ್ಮನ್ನ ಆಡ್ಕೋತಾಳ!’

ನನ್ನದೇ ದನಿ. ನನ್ನ ಅಡುಗೆಮನೆಯಲ್ಲಿ. ರೊಟ್ಟಿ ತವೆಯ ಮೇಲೆ ಸೀಯಿತು.

‘ಅತ್ತಿಗಿ, ನೀವು ನೋಡಿದ್ರೇನ್ರಿ ಇದನ್ನ?’

ಇಲ್ಲ ಅಂತ ತಲೆಯಾಡಿಸಿದೆ. ಬಾಯಿ ಬಿಡಲಿಲ್ಲ. ಮನೆಯಲ್ಲಿ ನಾನು ಮಾತಾಡುವುದು ಕನ್ನಡ, ಅದೂ ಮೆಲ್ಲಗೆ. ಅದೊಂದೇ ನನ್ನನ್ನು ಕಾಯುತ್ತಿರುವುದು. ಅತ್ತೆ ವಿಡಿಯೋ ಪೂರ್ತಿ ನೋಡಿ, ಸೀದ ರೊಟ್ಟಿಯನ್ನು ತಾವೇ ತವೆಯಿಂದ ತೆಗೆದರು. ನಮ್ಮವರು ಜಿನ್ನಿಂಗ್ ಮಿಲ್ಲಿನಿಂದ ಬಂದು ಮಲಗಿದ್ದರು. ಹತ್ತಿಯ ಸೀಸನ್ನಿನಲ್ಲಿ ಅವರಿಗೆ ಹಗಲು ರಾತ್ರಿ ಒಂದೇ.

ಫೆಬ್ರವರಿ 9, ಭಾನುವಾರ

ಕಾಮೆಂಟ್ ಓದಬಾರದಿತ್ತು. ಓದಿದೆ. ಇಲ್ಲಿ ಬರೆಯುವುದಕ್ಕೂ ಕೈ ಬರುವುದಿಲ್ಲ.

ಕೆಲವರು ನನ್ನ ಪರವೂ ಇದ್ದಾರೆ. ‘ಅಕ್ಕ ಹೇಳಿದ್ದು ನಿಜ, ಇಂಟರ್ವಲ್‌ನಲ್ಲೇ ಎದ್ದು ಬಂದೆ’ ಅಂತ ಒಬ್ಬ. ಅವನ ಕೆಳಗೆ ಅವನಿಗೂ ಬೈಗುಳ.

ಸಂಘದ ಪ್ರೆಸಿಡೆಂಟ್ ರಾಮಾಂಜಿಯ ವಾಯ್ಸ್ ಮೆಸೇಜನ್ನು ಚೇತನ ಜೋರಾಗಿ ಹಾಕಿಕೊಂಡು ಕೇಳುತ್ತಿದ್ದ. ‘ಆದೋನಿಯಾಕಿನ ಅದಾಳ, ಥಿಯೇಟರ್ ನಮ್ಮದ. ಹುಡುಕ್ರಿ. ಆ ದುಪಟ್ಟಾ ಕಟೌಟ್ ಮುಂದ ಬಿಚ್ಚಸೋಣು, ಲೈವ್ ಬಿಡೋಣು.’

ಹೋದ ವರ್ಷ ಆಲೂರಿನ ಹುಡುಗನೊಬ್ಬ ಟ್ರೈಲರ್ ನೋಡಿ ಏನೋ ತಮಾಷೆ ಬರೆದಿದ್ದ. ಅವನನ್ನು ಹಿಡಿದು ತಂದು, ಕಿವಿ ಹಿಡಿಸಿ, ಕಟೌಟ್ ಸುತ್ತ ಮೊಣಕಾಲಲ್ಲಿ ಸುತ್ತಿಸಿದ್ದರು. ಆ ವಿಡಿಯೋ ನಾನೂ ನೋಡಿದ್ದೆ. ಅವತ್ತು ಅಯ್ಯೋ ಪಾಪ ಅಂದು ಫೋನ್ ಪಕ್ಕಕ್ಕಿಟ್ಟು ಅನ್ನಕ್ಕೆ ಇಟ್ಟಿದ್ದೆ. ಇವತ್ತು ಅದನ್ನು ಹುಡುಕಿ ಕೊನೆಯವರೆಗೂ ನೋಡಿದೆ.

ಭಯವಾಗುತ್ತಿದೆ. ಬರೆದರೆ ಕಡಿಮೆಯಾಗುತ್ತದೆ ಅಂದುಕೊಂಡಿದ್ದೆ. ಆಗುತ್ತಿಲ್ಲ.

ಫೆಬ್ರವರಿ 10, ಸೋಮವಾರ. ಮೈಕ್ ರೂಮ್

ಮುಖಕ್ಕೆ ದುಪಟ್ಟಾ ಸುತ್ತಿದ ಜಾಣೆ, ದನಿಗೆ ಏನು ಸುತ್ತಿದಳು? ಈ ಊರಲ್ಲಿ ನನ್ನ ಮುಖ ನೋಡಿದವರು ಎಷ್ಟು ಜನರೋ. ದನಿ ಕೇಳದವರು ಯಾರು? ಮಾಧವರಂನಿಂದ ಬಂದವರು, ದೇವನಕೊಂಡಕ್ಕೆ ಹೋಗುವವರು, ಎಲ್ಲರಿಗೂ ಬಸ್ಸು ತೋರಿಸುವವಳು ನಾನೇ.

ಸಂಘದ ಹುಡುಗರ ಅಡ್ಡಾ ಯಾವುದು? ಬಸ್ ಸ್ಟಾಂಡಿನ ಟೀ ಅಂಗಡಿ. ನನ್ನ ಸ್ಪೀಕರಿನ ಕೆಳಗೇ. ಬೆಳಗ್ಗೆ ಉಗ್ಗಾಣಿ, ಬಜ್ಜಿ, ಟೀ, ದೊರನ ಕಲೆಕ್ಷನ್ ಮಾತು. ಅವರು ಮಾತಾಡುವಾಗ ಮೇಲಿನಿಂದ ನಾನು ಕೂಗುತ್ತಿರುತ್ತೇನೆ.

ಇವತ್ತು ದನಿ ದಪ್ಪ ಮಾಡಿ ಕೂಗಿದೆ. ರಾಗ ಎಳೆಯಲಿಲ್ಲ. ಗಮನಿಂಚಗಲರು ಅನ್ನುವುದನ್ನೂ ಬಿಟ್ಟೆ. ಕಂಟ್ರೋಲರ್ ಶ್ರೀರಾಮುಲು ಸಾರು ಮೆಟ್ಟಿಲು ಹತ್ತಿ ಬಂದರು.

‘ಏಮೈಂದಮ್ಮಾ ನಿನಗ? ಎಮ್ಮಿ ಗಂಟಲಿನಂಗ ಕೂಗ್ತೀಯಲ್ಲ. ಮದ್ದಿಕೇರ ಬಸ್ಸು ಅಂದಿಯೋ ಮಂತ್ರಾಲಯ ಅಂದಿಯೋ ಜನಕ್ಕ ತಿಳೀಲಿಲ್ಲ. ಮುದುಕರು ತಪ್ಪು ಬಸ್ ಹತ್ತಿದ್ರು.’

ನೆಗಡಿ ಸಾರ್ ಅಂದೆ. ಔಷಧಿ ತಗೋ, ಇಲ್ಲ ಲಾವಣ್ಯನ್ನ ಕೂರಸ್ತೀನಿ ಅಂದರು. ಅವರು ಹೇಳಿದರೆ ಈ ಕೆಲಸ ಕೊಟ್ಟ ಕಾಂಟ್ರಾಕ್ಟರ್ ನನ್ನನ್ನು ತೆಗೆಯುತ್ತಾನೆ. ಮದುವೆಯಾದ ಮೇಲೆ ನನ್ನದು ಅಂತ ಉಳಿದಿರುವುದು ಈ ಮೈಕ್ ಒಂದೇ.

ಫೆಬ್ರವರಿ 13, ಗುರುವಾರ

ಮಂತ್ರಾಲಯದ ರಶ್. ಕೂಗಿ ಕೂಗಿ ದಪ್ಪ ದನಿ ಮರೆತೇ ಹೋಯಿತು. ಎರಡು ಸಲ ಹಳೇ ರಾಗವೇ ಬಂತು. ಎರಡು ಸಲವೂ ಕಿಟಕಿಯ ಕೆಳಗೆ ಕೂತುಬಿಟ್ಟೆ, ಯಾರಾದರೂ ನೋಡುತ್ತಾರೇನೋ ಅಂತ.

ಸಂಜೆ ಮನೆಗೆ ಬಂದರೆ ಅತ್ತೆ ಒಬ್ಬರೇ ಕೂತು ಹಸಿಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದರು. ಕೂತ್ಕೋ ಅಂದರು. ಕೂತೆ.

‘ಆ ಹುಡುಗಿ ನೀನ ಹೌದಲ್ಲೋ?’

ಒಂದು ಮೆಣಸಿನಕಾಯಿ ಎತ್ತಿಕೊಂಡು ತೊಟ್ಟು ಬಿಡಿಸತೊಡಗಿದೆ.

‘ಮಂಡಿ ತೋರಿಸ್ಕೊಳ್ಳಾಕ ಡಾಕ್ಟರ್ ತಾವ ಹೋದಾಗೆಲ್ಲ ಬಸ್ ಸ್ಟಾಂಡ್ನಾಗ ಸುಮ್ಮನ ಒಂದೀಟು ಕುಂತು ನಿನ್ನ ದನಿ ಕೇಳಿ ಬರ್ತೀನವ್ವ ನಾ. ನನ್ನ ಸೊಸಿ ಅಂತ ಬಾಜೂಕಿನವರಿಗೆಲ್ಲ ಹೇಳ್ತೀನಿ. ನನಗ ಗೊತ್ತಾಗಂಗಿಲ್ಲೇನು?’

ನನ್ನ ಅತ್ತೆ, ಗುರುಲಿಂಗಮ್ಮ ಅನ್ನುವ ಈ ಹೆಂಗಸು, ಬೆಂಚಿನ ಮೇಲೆ ಕೂತು ನನ್ನ ದನಿ ಕೇಳುತ್ತಾಳೆ ಅಂತ ನನಗೆ ಗೊತ್ತೇ ಇರಲಿಲ್ಲ. ಅತ್ತುಬಿಟ್ಟೆ. ಅವರು ಅಳಲು ಬಿಟ್ಟರು. ಆಮೇಲೆ ಬಾಗಿಲ ಕಡೆ ನೋಡಿ, ದನಿ ತಗ್ಗಿಸಿ —

‘ಖರೇನ ಅಷ್ಟು ಕೆಟ್ಟದ ಐತೇನು ಸಿನಿಮಾ?’

ನಗು ಬಂತು ಇಬ್ಬರಿಗೂ. ಕಥೆ ಹೇಳಿದೆ. ಇಷ್ಟೇನಾ ಅಂದರು. ಇಷ್ಟೇ ಅಂದೆ.

ನಗು ನಿಂತ ಮೇಲೆ ಅಂದರು, ‘ನಿನ್ನ ಗಂಡ ತಿಪ್ಪೇಶಗ ನಾ ಹೇಳ್ಕೋತೀನಿ, ಅಂವ ನನ್ನ ಮಾತು ಮೀರಂಗಿಲ್ಲ. ಚೇತನಂದ ನನಗ ಅಂಜಿಕಿ. ದೇವರ ಜಗುಲಿ ಮ್ಯಾಲ ಬಸವಣ್ಣನ ಬಾಜೂಕ ಆ ದೊರ ಫೋಟೋ ಇಟ್ಟಾನ. ತಗಿ ಅಂದ್ರ ಎರಡು ದಿನ ಉಣ್ಣಲಿಲ್ಲ. ಅಂಥಾವ ಏನು ಮಾಡ್ತಾನ ಅಂತ ಹೆತ್ತಾಕಿ ನನಗ ಗೊತ್ತಿಲ್ಲ.’

ಫೆಬ್ರವರಿ 15, ಶನಿವಾರ. ಮಧ್ಯಾಹ್ನ

ಗೊತ್ತಾಗಿಹೋಯಿತು.

ಟೀ ಅಂಗಡಿ ಮುಂದೆ ರಾಮಾಂಜಿ, ಚೇತನ, ಇನ್ನೂ ಮೂರ್ನಾಲ್ಕು ಜನ. ಸಿರುಗುಪ್ಪ ಬಸ್ಸು ಬಂದು ನಿಂತಿತ್ತು. ಸುಮ್ಮನಿದ್ದೆ. ಅವರು ಹೋಗಲಿ, ಆಮೇಲೆ ಕೂಗೋಣ ಅಂತ. ಡ್ರೈವರ್ ಹಾರನ್ ಮೇಲೆ ಹಾರನ್. ಶ್ರೀರಾಮುಲು ಸಾರು ಕೆಳಗಿನಿಂದ ಕೈಬೀಸಿದರು. ಕಣ್ಣು ಮುಚ್ಚಿ ಕೂಗಿದೆ. ಕೊನೆಯ ಮಾತು ತಾನಾಗಿಯೇ ಬಂದುಬಿಟ್ಟಿತು. ಗಮನಿಂಚಗಲರು.

ಕಣ್ಣು ಬಿಟ್ಟರೆ ಚೇತನ ಸ್ಪೀಕರ್ ನೋಡುತ್ತಿದ್ದ. ಆಮೇಲೆ ನನ್ನ ಕಿಟಕಿ ನೋಡಿದ. ಅವನ ಮುಖದ ಬಣ್ಣವೇ ಹೋಯಿತು.

ರಾಮಾಂಜಿಗೂ ಹೊಳೆಯಿತು. ‘ಅರೇ, ಅದ ವಾಯ್ಸ್ ಲೇ!’ ಎಲ್ಲ ಮೆಟ್ಟಿಲು ಹತ್ತಿ ಬಂದರು. ಬಾಗಿಲ ಚಿಲಕ ಹಾಕಬೇಕು ಅಂತ ಗೊತ್ತು, ಕೈ ಏಳಲಿಲ್ಲ.

ಎಲ್ಲರಿಗಿಂತ ಮೊದಲು ಹತ್ತಿದವನು ಚೇತನ. ಬಾಗಿಲಿಗೆ ಅಡ್ಡ ನಿಂತ.

‘ಈಕಿ ಅಲ್ಲಣ್ಣಾ. ಇವ್ರು ನಮ್ಮ ಅತ್ತಿಗಿ. ಅವತ್ತು ಮುಂಜಾನಿ ಡ್ಯೂಟಿ ಮ್ಯಾಗ ಇದ್ರು.’

‘ವಾಯ್ಸ್ ಅದ ಐತಲ್ಲಲೇ?’

‘ಮೈಕ್ನಾಗ ಎಲ್ಲರ ದನಿ ಒಂದ. ದೊರ ಮ್ಯಾಲ ಆಣಿ, ಈಕಿ ಅಲ್ಲ.’

ಎಲ್ಲ ಒಂದು ಮೆಟ್ಟಿಲು ಹಿಂದಕ್ಕೆ ಇಳಿದರು. ಈ ಹುಡುಗರು ಹೆತ್ತ ತಾಯಿಯ ಮೇಲೆ ಸುಳ್ಳಾಣೆ ಇಡುತ್ತಾರೆ, ಮಂತ್ರಾಲಯದ ರಾಯರ ಮೇಲೂ ಇಡುತ್ತಾರೆ. ದೊರನ ಮೇಲೆ ಮಾತ್ರ ಇಡುವುದಿಲ್ಲ. ಅದು ಸಂಘದ ಕಟ್ಟು. ರಾಮಾಂಜಿ ‘ತಪ್ಪಾತ್ರಿ ಅಕ್ಕಾ’ ಅಂದು ಕೈ ಮುಗಿದು ಇಳಿದ. ಚೇತನ ನನ್ನ ಕಡೆ ತಿರುಗಿಯೂ ನೋಡದೆ ಅವನ ಹಿಂದೆ ಹೋದ.

ಬದುಕಿದೆ ಅನಿಸಬೇಕಿತ್ತು. ಅನಿಸುತ್ತಿಲ್ಲ.

ಫೆಬ್ರವರಿ 16, ಭಾನುವಾರ

ಚೇತನ ನಿನ್ನೆಯಿಂದ ಉಂಡಿಲ್ಲ. ಜಗುಲಿಯ ಮೇಲಿನ ಫೋಟೋ ಗೋಡೆ ಕಡೆ ಮುಖ ಮಾಡಿದೆ. ಅವನೇ ತಿರುಗಿಸಿಟ್ಟಿದ್ದು.

ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಬಂದು ನಿಂತ. ಬೈದುಬಿಡಲಿ ಅಂತ ಕಾದೆ.

‘ಅತ್ತಿಗಿ, ಮೊಣಕಾಲ ನೋವು ಅಂತ ನಿಮಗ ಹೆಂಗ ಗೊತ್ತಾತ್ರಿ?’

‘ಕೂತಿದ್ದು ತೋರಿಸಿದ್ರು, ಎದ್ದಿದ್ದು ತೋರಿಸಲಿಲ್ಲಪ್ಪ. ನಿಮ್ಮವ್ವ ಹಂಗ ಕೂತು ಏಳಾಕ ನನ್ನ ಕೈ ಹಿಡೀತಾರಲ್ಲ, ಅದ ನೆನಪಾತು.’

ಹಗ್ಗದ ಮೇಲಿನ ಅವನದೇ ಅಂಗಿ ಸರಿ ಮಾಡಿದ.

‘ನಾ ನಾಕು ಸಲ ನೋಡೀನ್ರಿ. ಎರಡನೇ ಸಲಕ್ಕ ನನಗೂ ಕಾಣ್ತು. ಆ ಹಾಡು ಬಂದಾಗೆಲ್ಲ ಕಣ್ಣ ಮುಚ್ಕೊಂಡು ಶಿಳ್ಳಿ ಹೊಡೀತೀನಿ.’ ಅಂಗಿಯ ತೋಳನ್ನು ಮತ್ತೆ ಹಿಂಡಿದ. ‘ಯಾರಿಗಿ ಹೇಳ್ಲಿ? ಸೆಕ್ರೆಟರಿ ಆಗಿ ಹೇಳಾಕ ಬರ್ತೈತೇನ್ರಿ?’

ಈ ಮನೆಗೆ ಬಂದ ಮೇಲೆ ಅವನೂ ನಾನೂ ಇಷ್ಟು ಮಾತಾಡಿದ್ದು ಇದೇ ಮೊದಲು. ಫೈಟು ಪರವಾಗಿಲ್ಲ ಅಂದೆ. ವಿಲನ್ ಸುಮಾರು ಅಂದ. ಹೀರೋಯಿನ್ ಬಗ್ಗೆ ಇಬ್ಬರದೂ ಒಂದೇ ಮಾತು. ಅರ್ಧ ರೊಟ್ಟಿ ತಿಂದ.

ಹೋಗುವಾಗ ಹೇಳಿದ: ‘ಲಾವಣ್ಯಗ ಒಂದ್ ಮಾತು ಹೇಳ್ರಿ, ಅವತ್ತು ಡ್ಯೂಟಿ ನಿಮ್ಮದ ಇತ್ತು ಅಂತ. ಸುಳ್ಳಾಣಿ ಗೊತ್ತಾದ್ರ ನನ್ನ ಬಿಡಂಗಿಲ್ಲ.’

ಲಾವಣ್ಯ ಫೋನ್ ಎತ್ತುತ್ತಿಲ್ಲ. ಯಾವುದೋ ಮದುವೆಗೆ ಹೋಗಿದ್ದಾಳಂತೆ.

ಫೆಬ್ರವರಿ 17, ಸೋಮವಾರ. ಮೈಕ್ ರೂಮ್

ತಡವಾಯಿತು.

ಲಾವಣ್ಯ ಮದುವೆಯಿಂದ ನೇರ ಡ್ಯೂಟಿಗೆ ಬಂದಿದ್ದಳು. ನಾನು ಬರುವ ಮೊದಲೇ ಟೀ ಅಂಗಡಿಯಲ್ಲಿ ರಾಮಾಂಜಿ ಕೇಳಿದ್ದಾನೆ, ಸಿನಿಮಾ ಬಂದ ಶುಕ್ರವಾರ ಮುಂಜಾನೆ ಯಾರಮ್ಮಾ ಮೈಕಿನಲ್ಲಿ ಇದ್ದದ್ದು ಅಂತ. ‘ನಾನೇ ಅಣ್ಣಾ’ ಅಂದಿದ್ದಾಳೆ ಹೆಮ್ಮೆಯಿಂದ. ಅವಳ ತಪ್ಪೇನಿದೆ.

ಚೇತನನನ್ನು ಕರೆಸಿದ್ದಾರೆ. ಕೆಳಗೇ ಇದ್ದಾನೆ. ಅವನ ಸುತ್ತ ಇಪ್ಪತ್ತು ಜನವಾದರೂ ಇದ್ದಾರೆ. ಅರ್ಧ ಜನರ ಕೈಯಲ್ಲಿ ಫೋನ್, ಎತ್ತಿ ಹಿಡಿದಿದ್ದಾರೆ. ನನ್ನನ್ನು ಹುಡುಕುತ್ತಿದ್ದಾಗಲೂ ರಾಮಾಂಜಿಯ ಮುಖ ಇಷ್ಟು ಕೆಟ್ಟಿರಲಿಲ್ಲ. ಬೇರೆಯವರು ಬೈದರೆ ಸಿಟ್ಟು, ತಮ್ಮವನೇ ದೊರನ ಮೇಲೆ ಸುಳ್ಳಾಣೆ ಇಟ್ಟರೆ... ಒಬ್ಬ ಕ್ಷೌರದ ಕತ್ತರಿ ತಂದಿದ್ದಾನೆ.

ಶ್ರೀರಾಮುಲು ಸಾರಿಗೆ ಹೇಳಿದೆ. ‘ಪಟ್ಟಿಂಚುಕೋಕಮ್ಮಾ, ತಲಿ ಕೆಡಿಸ್ಕೋಬ್ಯಾಡ, ಹುಡುಗರ ಗಲಾಟಿ. ನೀ ನಿನ್ನ ಬಸ್ ಕೂಗು’ ಅಂದರು. ಪೊಲೀಸಿನವರ ಕುರ್ಚಿ ಖಾಲಿ. ನಮ್ಮವರಿಗೆ ಫೋನ್ ಮಾಡಿದೆ, ಮಿಲ್ಲಿನ ಸದ್ದಿನಲ್ಲಿ ಏನೂ ಕೇಳಿಸುವುದಿಲ್ಲ.

ಅವನು ಬಾಯಿ ಬಿಡುತ್ತಿಲ್ಲ. ವಿಡಿಯೋದವಳು ನಾನೇ ಅಂತ ಅವನ ಬಾಯಿಂದಲೇ ಬರಬೇಕಂತೆ, ಬಂದರೆ ಅವನನ್ನು ಬಿಡುತ್ತಾರೆ. ಗೊತ್ತಿದ್ದೂ ತಲೆ ತಗ್ಗಿಸಿ ನಿಂತಿದ್ದಾನೆ.

ಹೊಡೆದರು. ಅಯ್ಯೋ.

ಕೆಳಗೆ ಇಳಿದರೆ ಆ ಗುಂಪಿನಲ್ಲಿ ನನ್ನ ಮಾತು ಯಾರಿಗೂ ಕೇಳುವುದಿಲ್ಲ. ಇಲ್ಲಿಂದಲಾದರೆ ಇಡೀ ಬಸ್ ಸ್ಟಾಂಡಿಗೆ ಕೇಳುತ್ತದೆ. ನಡುವೆ ಅಳು ಬಂದರೆ ಕೆಟ್ಟಿತು. ಇಲ್ಲಿ ಬರೆದುಕೊಂಡು ಮೈಕಿನಲ್ಲಿ ಓದುತ್ತೇನೆ —

ರಾಮಾಂಜಿ ಅಣ್ಣಾ, ಚೇತನನ ಬಿಡು. ನಾನು ಪ್ರತಿಮಾ, ಮೈಕ್ ರೂಮಿನಾಗ ಅದೀನಿ, ಬಾಗಿಲ ತಗದ ಐತಿ. ಆ ವಿಡಿಯೋದಾಗ ಮಾತಾಡಿದಾಕಿ ನಾನ. ಕ್ಷಮಾ ಕೇಳಾಕ ಹೇಳ್ತಿಲ್ಲ. ನಿನಗಿಂತ ಮೊದಲಿಂದ ನಾನು ದೊರ ಅಭಿಮಾನಿ. ಅವತ್ತು ಅಂದಿದ್ದನ್ನ ಇವತ್ತೂ ಅಂತೀನಿ, ಎಲ್ಲರೂ ಕೇಳ್ರಿ, ಆ ಹಾಡಿನಾಗ ದೊರ ಕೂತ ಮ್ಯಾಲ ಎದ್ದಿದ್ದನ್ನ ತೋರಿಸಿಲ್ಲ, ಅವಗ ಮೊಣಕಾಲ ನೋವೈತಿ. ದೊರ ಅಭಿಮಾನುಲು ಗಮನಿಂಚಗಲರು.