ಉಪ್ಪಿಲ್ಲದ ಎಲೆ

ಸುಳ್ಯ, 1964ರ ಆಟಿ ತಿಂಗಳು

ನಮ್ಮ ಮನೆಯವರಿಗೆ,

ನೀವು ಹೋಗಿ ಆರು ವರ್ಷವಾಯಿತು. ಬದುಕಿದ್ದಾಗ ನನಗೆ ಎದುರು ಮಾತಾಡಲಿಕ್ಕೆ ಬಿಡಲಿಲ್ಲ, ಈಗ ಕೇಳಿ.

ನನ್ನ ಕಿಡ್ನಿ ಕೆಟ್ಟಿದೆಯಂತೆ. ಗುಣವಾಗುವ ಕಾಯಿಲೆ ಅಲ್ಲ, ಇರುವಷ್ಟು ದಿನ ಉಪ್ಪು ಮುಟ್ಟಬೇಡಿ ಎಂದರು ಪುತ್ತೂರಿನ ಡಾಕ್ಟ್ರು. ಉಪ್ಪು ಒಂದು ಕಲ್ಲು ಕಡಿಮೆಯಾದರೂ ನೀವು ಸಾರಿನ ಪಾತ್ರೆಯನ್ನೇ ಅಂಗಳಕ್ಕೆ ಎಸೆಯುತ್ತಿದ್ದಿರಲ್ಲ, ಡಾಕ್ಟ್ರ ಎದುರೇ ನನಗೆ ಅದು ನೆನಪಾಯಿತು.

ಪ್ರತಿ ಆಟಿಯ ಹಾಗೆ ನಿನ್ನೆ ನಮ್ಮ ಮನೆಯ ಸತ್ತ ಹಿರಿಯರಿಗೆ ಎಲೆ ಹಾಕಿ ಅಗೆಲು ಬಡಿಸಿದೆವು. ನಿಮ್ಮ ಅಪ್ಪ ಅಮ್ಮನಿಗೆ ದೊಡ್ಡ ಪಾತ್ರೆಯ ಕೋಳಿಸಾರು. ನಿಮ್ಮ ಎಲೆಗೆ ನನಗೆಂದು ಬೇರೆ ಬೇಯಿಸಿದ ಮಣ್ಣಿನ ಚಟ್ಟಿಯದ್ದು, ಉಪ್ಪಿಲ್ಲದ್ದು.

"ಅತ್ತೆ, ಮಾವನಿಗೆ ಅದು ಎಂತಕ್ಕೆ?" ಎಂದಳು ಸೊಸೆ ಶೀಲಾವತಿ.

"ಉಣ್ಣಲಿ ಮಾರಾಯ್ತಿ. ಈಗ ಎಸೆಯಲಿಕ್ಕೆ ಕೈ ಉಂಟಾ?"

ನೀವೆಲ್ಲ ಉಣ್ಣಲೆಂದು ಬಾಗಿಲು ಎಳೆದು ನಾವು ಹೊರಗೆ ಕೂತೆವು. ನನಗೆ ನಗು ತಡೆಯಲಿಕ್ಕಾಗಲಿಲ್ಲ.

ಬಾಗಿಲು ತೆಗೆದ ಮೇಲೆ ಆ ಎಲೆಗಳ ಊಟವನ್ನು ಮನೆಯವರು ಹಂಚಿಕೊಂಡರು. ಸಿಟ್ಟಿನಲ್ಲಿ ನನ್ನ ಚಟ್ಟಿಯನ್ನು ಪೂರ್ತಿ ನಿಮಗೇ ಸುರಿದಿದ್ದೆ. ನಾನು ಉಣ್ಣಬಹುದಾದ ಎಲೆ ಒಂದೇ ಇತ್ತು. ನಲವತ್ತು ವರ್ಷ ನೀವು ಉಂಡು ಎದ್ದ ಮೇಲೆ ಉಂಡ ಹಾಗೆ ನಿನ್ನೆಯೂ ನಿಮ್ಮ ಎಲೆಯಲ್ಲೇ ಉಂಡೆ. ಎಷ್ಟು ಸಪ್ಪೆ ಅಂತ ನಿಮಗೂ ಗೊತ್ತಾಗಿರಬೇಕು.

ಬರುವ ಆಟಿಗೆ ನಿಮ್ಮ ಪಕ್ಕದಲ್ಲಿ ನನ್ನ ಎಲೆಯೂ ಬಿದ್ದೀತು. ಶೀಲಾವತಿಗೆ ಈಗಲೇ ಹೇಳಿಟ್ಟಿದ್ದೇನೆ: ನನ್ನದಕ್ಕೆ ಉಪ್ಪು ಸರಿಯಾಗಿ ಹಾಕು, ಅವರದ್ದಕ್ಕೆ ಬೇಡ.