ಉಪ್ಪು ನಾನೇ ಹಾಕುವುದು

ಮಾರ್ಚ್ 2, ಮಧ್ಯಾಹ್ನ
ಈರುಳ್ಳಿ ಹೆಚ್ಚಿ ಕಣ್ಣೆಲ್ಲ ಉರಿ. ಆದರೂ ಬರೆಯಲೇಬೇಕು. ಆಸ್ಪತ್ರೆಯ ಸೂಪ್ ಸೇವೆಗೆ ನಾನೇ ಲೀಡರ್! ಆರಾಧನೆ ಮುಗಿದ ಮೇಲೆ ಪಾಸ್ಟರ್ ಎಲ್ಲರೆದುರು ಹೇಳಿಬಿಟ್ಟರು. ಹೊಲಿಗೆ ಮೆಷಿನ್ ತುಳಿಯುವವಳು ಟೀಮ್ ಲೀಡರ್... ಇವರು ಮನೆಗೆ ಬಂದವರೇ ಸೆಲ್ಯೂಟ್ ಹೊಡೆದರು. "ಇಷ್ಟು ದಿನ ನನ್ನೊಬ್ಬನ ಮೇಲೆ ದರ್ಬಾರು, ಇನ್ಮೇಲೆ ಊರ ಮೇಲೆ!" ನಗಲಿ ಬಿಡಿ. ಕುಣಿಯುವಷ್ಟು ಖುಷಿ ನನಗೆ.

ಮಾರ್ಚ್ 9
ಚರ್ಚಿನ ಅಡುಗೆಮನೆಯಲ್ಲಿ ಮೊದಲ ದಿನ. ಟೀಮಿನಲ್ಲಿ ನಾದಿನಿ, ರಿಟೈರ್ಡ್ ಮೇಷ್ಟ್ರು, ಆಟೋ ಡ್ರೈವರ್. ಹೋದವಳೇ ಕಾನೂನು ಮಾಡಿದೆ — ಉಪ್ಪು ನಾನೇ ಹಾಕುವುದು, ರುಚಿ ನಾನೇ ನೋಡುವುದು. ರೋಗಿಗಳ ಬಾಯಿಗೆ ಹೋಗುವಂಥದ್ದು, ಹುಡುಗಾಟವೇ? ನಾದಿನಿ ಮೂತಿ ತಿರುವಿದಳು. "ಅತ್ತಿಗೆ, ನಾನೂ ಮನೇಲಿ ಅಡುಗೆ ಮಾಡ್ತೀನಿ, ಗೊತ್ತಾ?" ಉಪ್ಪಿನ ಡಬ್ಬಿ ನನ್ನ ಕಡೆಗೆ ಎಳೆದುಕೊಂಡೆ.

ಏಪ್ರಿಲ್ 6
ಸೂಪ್ ಹಿಟ್! ವಾರ್ಡುಗಳಲ್ಲಿ ನಮ್ಮ ದಾರಿ ಕಾಯುತ್ತಾರೆ. ಟೀಮಿನವರ ಫೋನಿಗಂತೂ ಬಿಡುವಿಲ್ಲ. "ಅಕ್ಕ, ಕ್ಯಾರೆಟ್ ಸಣ್ಣಗೋ ದಪ್ಪಗೋ?" "ಅತ್ತಿಗೆ, ಒಲೆ ಹಚ್ಲಾ?" ಒಲೆ ಹಚ್ಚಲೂ ನಾನೇ ಬೇಕು! ಸುಳ್ಳೇಕೆ, ಒಳಗೊಳಗೇ ಹಿತ.

ಏಪ್ರಿಲ್ 20
ಮಾನ ಹೋಯಿತು. ನಡುದಾರಿಯಲ್ಲಿ ಬಸ್ ಕೆಟ್ಟಿತು, ಫೋನಿನಲ್ಲಿ ಚಾರ್ಜಿಲ್ಲ. ಅತ್ತ ಎಲ್ಲರೂ ಕಾದು ಕಾದು... ನಾದಿನಿ ಕದ್ದು ಉಪ್ಪು ಹಾಕಿದಳಂತೆ. ನನ್ನ ಬೈಗುಳಕ್ಕೆ ಹೆದರಿ ಬಾಯಿಬಿಡಲಿಲ್ಲ. ಆಮೇಲೆ ಮೇಷ್ಟ್ರು, ಅವರೂ ಕದ್ದು. ಪಾತ್ರೆ ಆಟೋಗೆ ಏರಿಸುವಾಗ ಡ್ರೈವರ್ ಇನ್ನೊಂದು ಹಿಡಿ. ರುಚಿ ನೋಡುವ ಧೈರ್ಯ ಯಾರಿಗೂ ಇಲ್ಲ.

ನಾನು ಆಸ್ಪತ್ರೆಗೆ ಓಡಿ ಬರುವುದಕ್ಕೂ ನರ್ಸುಗಳ ಮೇಲ್ವಿಚಾರಕಿ ಮೇಟ್ರನ್ ಒಂದು ಚಮಚ ಬಾಯಿಗಿಟ್ಟು ಉಗುಳುವುದಕ್ಕೂ ಸರಿಹೋಯಿತು. "ಬಿಪಿ ಪೇಷಂಟ್‌ಗೆ ಇದನ್ನ ಕೊಟ್ಟಿದ್ರೆ? ಇನ್ನೊಂದ್ಸಲ ಹೀಗಾದ್ರೆ ಗೇಟ್ ಒಳಗೆ ಬಿಡಲ್ಲ." ಇಡೀ ಪಾತ್ರೆ ಚರಂಡಿಗೆ. ಬಟ್ಟಲು ಹಿಡಿದು ಕೂತಿದ್ದ ಅಜ್ಜಿಯ ಮುಖ ನೋಡಲಾಗಲಿಲ್ಲ.

ಏಪ್ರಿಲ್ 21
ಪಾಸ್ಟರ್ ಹತ್ತಿರ ಹೋಗಿ ಮೂವರ ಮೇಲೂ ದೂರು ಹೇಳಿದೆ. ಪೂರ್ತಿ ಕೇಳಿಸಿಕೊಂಡರು. "ಅಲ್ಲಮ್ಮ, ನಿಮಗೆ ಹೇಳೋಕೆ ಹೆದರಿದ್ರು, ಸರಿ. ಒಬ್ಬರಿಗೊಬ್ಬರು ಹೇಳೋಕೂ ಹೆದರೋ ಹಾಗೆ ಮಾಡಿದ್ದು ಯಾರು?" ಉತ್ತರ ಗೊತ್ತಿತ್ತು. ದಾರಿಯುದ್ದಕ್ಕೂ ಅಳು. ಮನೆಗೆ ಬಂದು ನಾದಿನಿಗೆ ಫೋನ್ ಮಾಡಿದೆ. "ಉಪ್ಪಿನ ಡಬ್ಬಿ ಇನ್ಮೇಲೆ ನಿಂದು ಕಣೇ. ರುಚಿ ಮೇಷ್ಟ್ರು ನೋಡ್ಲಿ."

ಅವಳು ನಂಬಬೇಕಲ್ಲ! "ಅತ್ತಿಗೆ, ಜ್ವರ ಗಿರ ಬಂದಿದ್ಯಾ?"

ಮೇ 4
ಇವತ್ತು ಅಡುಗೆಮನೆಗೆ ಕಾಲಿಡಲಿಲ್ಲ. ಮೆಟ್ಟಿಲ ಮೇಲೆ ಬ್ರೆಡ್ ಪೊಟ್ಟಣ ಕಟ್ಟುತ್ತ ಕುಳಿತೆ. ಕೈ ಸುಮ್ಮನಿರದು. ಒಳಗೆ ನಗು, ಗಲಾಟೆ. "ಉಪ್ಪು ಹಾಕಾಯ್ತು!" — ನಾದಿನಿ, ಬೀದಿಗೆಲ್ಲ ಕೇಳುವ ಹಾಗೆ. "ನೋಡ್ದೆ, ಸಾಕು!" — ಮೇಷ್ಟ್ರು.

ಆಸ್ಪತ್ರೆಯಲ್ಲಿ ಮೇಟ್ರನ್ ಚಮಚ ಎತ್ತಿದಾಗ ಜೀವ ಬಾಯಿಗೆ ಬಂತು. ಕುಡಿದರು. ಬಟ್ಟಲು ಮತ್ತೆ ಚಾಚಿದರು! "ಯಾರು ಮಾಡಿದ್ದು ಇವತ್ತು?" ಅಭ್ಯಾಸಬಲ, ಬಾಯಿ ತೆರೆದೇಬಿಟ್ಟಿದ್ದೆ. ಅಷ್ಟರಲ್ಲಿ ಮೂವರೂ ಒಟ್ಟಿಗೆ, "ನಾವೇ!" ಲೀಡರ್ ಆದ ದಿನಕ್ಕಿಂತ ಹೆಚ್ಚು ಖುಷಿ. ಆಣೆಗೂ.

ಮೇ 18, ಬೆಳಗ್ಗೆ
ಹೆರಿಗೆ ಆಸ್ಪತ್ರೆಯವರೂ ಕರೆದಿದ್ದಾರೆ! ಹೊಸ ಟೀಮ್ ಬೇಕು. ಲೀಡರ್ ಯಾರು ಎಂದರು ಪಾಸ್ಟರ್. ನಾದಿನಿ, ಎಂದೆ, ಉಸಿರೂ ತೆಗೆದುಕೊಳ್ಳದೆ. ಅವಳಿಗೆ ಈಗಷ್ಟೇ ಫೋನ್ ಮಾಡಿದೆ. ಸಂತೋಷಕ್ಕೆ ಕಿರುಚಿಕೊಂಡಳು. ಆಮೇಲೆ ಗಂಟಲು ಸರಿಮಾಡಿಕೊಂಡು, "ಅತ್ತಿಗೆ, ಒಂದು ಮಾತು. ಅಲ್ಲಿ ಉಪ್ಪು ಮಾತ್ರ ಯಾರೂ ಮುಟ್ಟೋ ಹಾಗಿಲ್ಲ. ನಾನೇ —"

ಅಯ್ಯೋ ದೇವರೇ. ಬಂದೆ ಇರು, ಎಂದು ಫೋನ್ ಇಟ್ಟೆ. ಈಗಲೇ ಹೊರಟೆ. ಚಪ್ಪಲಿ ಎಲ್ಲಿ...