ಹಿತ್ತಲ ಮೆಟ್ಟಿಲಿನ ಕಂಬಿ

ರೀ,

ನಾಲ್ಕನೇ ಕ್ಲಾಸಿಗೇ ಸ್ಕೂಲು ಬಿಟ್ಟವಳ ಕೈಗೆ ಮಗಳು ಪೆನ್ನು ಕೊಟ್ಟಿದ್ದಾಳೆ. "ಅಪ್ಪನ ಫೋಟೋ ಜೊತೆ ಜಗಳ ಆಡ್ಬೇಡಮ್ಮ, ಪಕ್ಕದ ಮನೆಗೆಲ್ಲಾ ಕೇಳ್ಸುತ್ತೆ. ಬರ್ದುಬಿಡು" ಎಂದಳು. ಬರೆಯುವುದೆಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಆದರೂ ಕೇಳಿ.

ಹಿತ್ತಲ ಮೆಟ್ಟಿಲಿಗೆ ಕಂಬಿ ಹಾಕಿಸಿದೆ. ಹೌದು, ನಾನೇ. "ಕಂಡೋರನ್ನೆಲ್ಲ ಕರೀಬೇಡ, ಬಿಡುವಾದಾಗ ನಾನೇ ಹಾಕ್ತೀನಿ" ಎಂದು ನೀವು ಪೈಪು ತಂದು ಗೋಡೆಗೆ ಒರಗಿಸಿದ್ದಿರಲ್ಲ, ಅದೇ ಪೈಪು.

ಮೊದಲು ಬಂದ ವೆಲ್ಡರ್ ಅಳತೆ ತೆಗೆದುಕೊಂಡು ಹೋದವನ ಪತ್ತೆಯೇ ಇಲ್ಲ. ಎರಡನೆಯವನಿಗೆ ಮೆಟ್ಟಿಲು ತೋರಿಸಲೇ ಇಲ್ಲ. ಗೇಟಿನ ಚಿಲಕ ಸರಿಮಾಡು ಎಂದೆ. ಮಾಡಿದ, ಬಿದ್ದ ಚೂರುಗಳನ್ನೂ ಗುಡಿಸಿ ಹೋದ. ಅವನನ್ನೇ ಮತ್ತೆ ಕರೆಸಿದೆ.

"ಪೈಪು ತುಕ್ಕು ಹಿಡಿದಿದೆ ಅಜ್ಜಿ, ಹೊಸದು ತರೋಣ."

"ಮೊದ್ಲು ಉಜ್ಜು, ಆಮೇಲೆ ಮಾತಾಡು."

ಉಜ್ಜಿದ. ಒಳಗೆ ಕಬ್ಬಿಣ ಗಟ್ಟಿಯಾಗಿತ್ತು. "ಯಾರು ತಂದಿದ್ದು? ಒಳ್ಳೇ ಮಾಲು" ಎಂದ. ನನ್ನ ಎದೆ ಉಬ್ಬಿತು. ಅದನ್ನು ನಿಮಗೆ ಹೇಳದೆ ಇನ್ಯಾರಿಗೆ ಹೇಳಲಿ?

ಬೆಸುಗೆ ಆರಿದ ಮೇಲೆ ಎರಡೂ ಕೈಯಲ್ಲಿ ಕಂಬಿ ಹಿಡಿದು ಜೋತುಬಿದ್ದೆ.

"ಅಯ್ಯೋ ಅಜ್ಜಿ, ಬಿದ್ದೀರಾ!"

"ಬಿದ್ರೆ ನಿಂಗೆ ಕೆಲಸ ಬರಲ್ಲ ಅಂತ ಅರ್ಥ ಕಣೋ."

ಕಂಬಿ ಅಲ್ಲಾಡಲಿಲ್ಲ. ಅವನು ಹೋದ ಮೇಲೆ, ನೀವು ಜಾರಿದ ಆ ಮೂರನೇ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ನಿಂತೆ. ಹಿಡಿದುಕೊಳ್ಳಲು ಒಂದೇ ಕೈ ಸಾಕಾಯಿತು.

ಭಾನುವಾರ ಬಣ್ಣ ಬಳಿಯಲು ಬರುತ್ತಾನೆ. ಹಸಿರೋ, ಕಪ್ಪೋ? ಶನಿವಾರ ಸಂಜೆಯೊಳಗೆ ಹೇಳಿ. ಬಿಡುವಿಲ್ಲ ಎನ್ನುವ ಮಾತು ಇನ್ನು ನಡೆಯುವುದಿಲ್ಲ.